ಐದು ಸಲದ ಲೆಕ್ಕ

ಕಳೆದ ದೀಪಾವಳಿಗೆ ಮೊದಲು ಮನೆ ಜಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ ಮೂರು ಡಿವಿಡಿಗಳು ಸಿಕ್ಕವು. ಎರಡನ್ನು ಬಳಸಿದ ಗುರುತಿತ್ತು. ಮೂರನೆಯದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿದಿರಲಿಲ್ಲ. ಚಿಕ್ಕ ಮೊಮ್ಮಗಳು ಡಬ್ಬಿಯ ಹಿಂಬದಿಯನ್ನು ತಿರುವಿ, "ಅಜ್ಜಾ, ಇಲ್ಲಿ ಗ್ಲೋಬಿನ ಚಿತ್ರದಾಗ ಒಂದು ಅಂತ ಬರದಾರ. ಇದು ಒಂದನೇ ಭಾಗ ಏನು?" ಎಂದು ಕೇಳಿದಳು. ಮೂರೂ ಡಬ್ಬಿಗಳ ಮೇಲೆ ಒಂದು ಎಂದೇ ಇತ್ತು. ಅದು ಭಾಗದ ಸಂಖ್ಯೆಯಲ್ಲ, ಪ್ರದೇಶದ ಸಂಖ್ಯೆ. ಆ ಒಂದು ಅಂಕಿಯ ದೆಸೆಯಿಂದ 2006ರಲ್ಲಿ ನಾನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ಅಲೆದಾಡಿದ ಸಂಗತಿಯನ್ನು ಆಕೆಗೆ ಹೇಳತೊಡಗಿದೆ. ಅರ್ಧಕ್ಕೇ ಎದ್ದು ಹೋದಳು. ಅವಳ ತಪ್ಪಲ್ಲ, ತರಗತಿಯಲ್ಲಿಯೂ ನನ್ನ ಕೆಲವು ಪಾಠಗಳು ಹಾಗೆಯೇ ಆಗುತ್ತಿದ್ದವೆಂದು ನಿಮ್ಮಲ್ಲಿ ಹಲವರು ಬಲ್ಲಿರಿ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಬಂಧುಗಳಿಗೆ ನಮ್ಮ ಅಣ್ಣನ ಪರಿಚಯ ಬೇಕಾಗಿಲ್ಲ. ವಿದ್ಯಾರ್ಥಿಗಳಿಗಾಗಿ ಹೇಳುವುದಾದರೆ, ಆತ ನನಗಿಂತ ಆರು ವರ್ಷ ಹಿರಿಯ. ಹುಕ್ಕೇರಿಯ ನಮ್ಮ ಹಳೆಯ ಮನೆಯಲ್ಲಿಯೇ ಕೊನೆಯವರೆಗೂ ಇದ್ದ. 1962ರಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ಗೆಳೆಯರೊಡನೆ ಹೋಗಿ ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ'ಯನ್ನು ನೋಡಿದ್ದ. ಆ ವರ್ಷದ ದೀಪಾವಳಿಯ ರಜೆಗೆ ಬಂದವನು ಊಟವಾದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಅವ್ವನಿಗೆ ಆ ಚಿತ್ರದ ಕಥೆಯನ್ನು ಹೇಳಿದ. ನಾನಾಗ ಹದಿನಾರರ ಹುಡುಗ, ಗೋಡೆಗೆ ಒರಗಿ ಕೇಳುತ್ತಿದ್ದೆ. ಬಡ ಪುರೋಹಿತನೊಬ್ಬನ ಮನೆ, ದುರ್ಗಾ ಎಂಬ ಅಕ್ಕ, ಅಪು ಎಂಬ ತಮ್ಮ, ಹಲ್ಲುದುರಿದ ಮುದುಕಿ ಇಂದಿರ್. ಮಳೆಯಲ್ಲಿ ನೆನೆದು ದುರ್ಗಾ ಜ್ವರಕ್ಕೆ ಬೀಳುವಲ್ಲಿಗೆ ಬಂದಾಗ ಅವ್ವ ಎದ್ದು ಹಿತ್ತಲಿಗೆ ಹೋದಳು. 1950ರ ಮಳೆಗಾಲದಲ್ಲಿ ನಮ್ಮ ಹಿರಿಯಕ್ಕ ತೀರಿಹೋದದ್ದು ಹಾಗೆಯೇ. ಅವಳಿಗೆ ಹದಿಮೂರು ವರ್ಷ, ನನಗೆ ನಾಲ್ಕು. ಅವಳ ಮುಖ ನನ್ನ ನೆನಪಿನಲ್ಲಿಲ್ಲ. ಅಣ್ಣನಿಗೆ ಚೆನ್ನಾಗಿ ನೆನಪಿತ್ತು. ಆ ರಾತ್ರಿಯ ಬಳಿಕ ಆತ ಆ ಚಿತ್ರದ ಮಾತನ್ನು ನಾಲ್ವತ್ತು ವರ್ಷ ಎತ್ತಲಿಲ್ಲ.

2005ರ ಹೊತ್ತಿಗೆ ಸಕ್ಕರೆ ಕಾಯಿಲೆ ಅಣ್ಣನ ಎಡಗಣ್ಣನ್ನು ತಿಂದಿತ್ತು. ಬಲಗಣ್ಣಿಗೆ ಲೇಸರ್ ಮಾಡಿಸಿ ತಂದಿದ್ದೆವು. ಎಷ್ಟು ದಿನ ಕಂಡೀತೆಂದು ಹೇಳಲಾಗದು ಎಂದಿದ್ದರು ವೈದ್ಯರು. ಒಂದು ದಿನ ಆತ ತಾನಾಗಿಯೇ, "ತಮ್ಮಾ, ಕಣ್ಣ ಇರೋದ್ರೊಳಗ ಆ ಬಂಗಾಲಿ ಪಿಚ್ಚರ್ ಇನ್ನೊಮ್ಮೆ ನೋಡಬೇಕಂತ ಆಶಾ ಐತಿ ನೋಡು" ಎಂದ. ಎಂದೂ ಏನನ್ನೂ ಬೇಡದವನು ಬೇಡಿದ್ದು ಇದೊಂದೇ.

ಗೋಕಾಕದ ಅಂಗಡಿಗಳಲ್ಲಿ ಕೇಳಿದೆ, ಬೆಳಗಾವಿಯಲ್ಲಿ ಕೇಳಿದೆ, ಸಿಗಲಿಲ್ಲ. ಆ ಚಿತ್ರ 1955ರದು. ಪಶ್ಚಿಮ ಬಂಗಾಳದ ಸರಕಾರ ಹಣ ಕೊಟ್ಟು ಪೂರ್ಣಗೊಳಿಸಿದ ಚಿತ್ರ. ಹೆಸರಿನಲ್ಲಿ 'ಪಥ' ಇದ್ದುದರಿಂದ ಆ ಹಣವನ್ನು ರಸ್ತೆ ಸುಧಾರಣೆಯ ಲೆಕ್ಕಕ್ಕೆ ಹಾಕಿದ್ದರೆಂಬುದು ಪ್ರಸಿದ್ಧವಾದ ತಮಾಷೆ. ಅದರ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಸುಟ್ಟಿತು. (ಸುಟ್ಟುಳಿದುದನ್ನು ಇಟಲಿಯ ಬೊಲೋನ್ಯದಲ್ಲಿ ಜೋಡಿಸಿ ಹೊಸ ಪ್ರತಿ ಮಾಡಿ 2015ರಲ್ಲಿ ಹೊರತಂದರು. ಅದು ನಮ್ಮ ಕಾಲಕ್ಕೆ ಒದಗಲಿಲ್ಲ.) ಅಮೆರಿಕದಲ್ಲಿ ಮಾತ್ರ 2003ರಲ್ಲಿ ಈ ಚಿತ್ರವೂ ಇದರ ಮುಂದಿನ ಎರಡು ಭಾಗಗಳೂ ಡಿವಿಡಿಯಾಗಿ ಬಂದಿದ್ದವು. ನ್ಯೂಜರ್ಸಿಯಲ್ಲಿ ಎಂಜಿನಿಯರನಾಗಿದ್ದ ಮೂಡಲಗಿಯ ಶಿಷ್ಯನೊಬ್ಬ ಊರಿಗೆ ಬರುವ ಮುನ್ನ ಫೋನು ಮಾಡಿ, "ಸರ, ನಿಮಗೇನ ತರ್ಲಿ? ಸಂಕೋಚ ಮಾಡ್ಕೋಬ್ಯಾಡ್ರಿ" ಎಂದ. ಸಂಕೋಚವಿಲ್ಲದೆ ಹೇಳಿದೆ. 2006ರ ಜನವರಿಯಲ್ಲಿ ಮೂರೂ ತಂದುಕೊಟ್ಟ. ಬೆಲೆ ಕೇಳಿದರೆ ಹೇಳಲಿಲ್ಲ. ಎರಡು ಕಿಲೋ ಕರದಂಟು ಕಟ್ಟಿಸಿ ಕಳಿಸಿದೆ.

ಬರುವ ಭಾನುವಾರವೇ ಬಸ್ಸು ಹಿಡಿದು ಹುಕ್ಕೇರಿಗೆ ಹೋದೆ. ಅಣ್ಣನ ಮಗ ಆಗಷ್ಟೆ ಡಿವಿಡಿ ಪ್ಲೇಯರ್ ಕೊಂಡಿದ್ದ. ವೈನಿ ಚಹಾ ಸೋಸಿಟ್ಟು ತಾವೂ ಬಂದು ಕುಳಿತರು. ತಟ್ಟೆ ಒಳಗೆ ಹೋಗಿ ತಿರುಗಿತು, ನಿಂತಿತು. ನೀಲಿ ಪರದೆಯ ಮೇಲೆ ಇಂಗ್ಲಿಷಿನ ಎರಡು ಶಬ್ದ ಮೂಡಿದವು. ಅಣ್ಣ ಎದ್ದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಲಗಣ್ಣಿನಿಂದ ಓದಿದ. "ತಪ್ಪು ಪ್ರದೇಶ ಅಂತೈತಲ್ಲೋ ತಮ್ಮಾ. ನಮ್ಮ ಹುಕ್ಕೇರಿ ಏನ ತಪ್ಪ ಮಾಡೇತಿ?" ಎಲ್ಲರೂ ನಕ್ಕೆವು. ಆದಿಲಶಾಹಿ ಕಾಲದ ಗುಮ್ಮಟಗಳನ್ನು ಇಟ್ಟುಕೊಂಡ ಊರು ಅದು. ತಪ್ಪು ಊರೆಂದು ಅದನ್ನು ಕರೆದ ಮೊದಲ ವಸ್ತು ಆ ಪೆಟ್ಟಿಗೆಯೇ ಇರಬೇಕು.

ಮರಳಿ ಬಂದು, ತಿಳಿದವರನ್ನು ಕೇಳಿ, ಓದಿ, ವಿಷಯ ಅರಿತೆ. ಡಿವಿಡಿ 1996–97ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಚಿತ್ರ ತಯಾರಕರು ಜಗತ್ತನ್ನು ಆರು ಪ್ರದೇಶಗಳಾಗಿ ಹಂಚಿಕೊಂಡಿದ್ದರು. ಅಮೆರಿಕ, ಕೆನಡಾ ಒಂದು. ಯೂರೋಪಿನ ಬಹುಭಾಗ ಮತ್ತು ಜಪಾನು ಎರಡು. ಆಗ್ನೇಯ ಏಷ್ಯಾ ಮೂರು. ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ನಾಲ್ಕು. ಭಾರತ, ಪಾಕಿಸ್ತಾನ, ರಶಿಯಾ ಮತ್ತು ಆಫ್ರಿಕದ ಬಹುಭಾಗ ಐದು. ಚೀನಾ ಆರು. ವಿಮಾನ ಹಡಗುಗಳಿಗೆಂದು ಎಂಟು ಎಂಬ ಬೇರೆಯೇ ಅಂಕಿ. ಭೂಗೋಳ ಕಲಿಸುವ ಮಾಸ್ತರರೊಬ್ಬರು ಈ ಪಟ್ಟಿ ನೋಡಿ, "ಇದನ್ನ ಬರದವ ನನ್ನ ಕೈಯಾಗ ಪಾಸ ಆಗತಿದ್ದಿಲ್ಲ" ಎಂದರು. ಕಾರಣವಿಷ್ಟೇ: ಹೊಸ ಚಿತ್ರ ಮೊದಲು ಅಮೆರಿಕದ ಚಿತ್ರಮಂದಿರಗಳಲ್ಲಿ ಓಡಿ, ತಿಂಗಳುಗಳ ಅನಂತರ ಬೇರೆ ದೇಶಗಳಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಅಮೆರಿಕದ ತಟ್ಟೆ ಆ ದೇಶಗಳನ್ನು ತಲುಪಿಬಿಟ್ಟರೆ ಚಿತ್ರಮಂದಿರಕ್ಕೆ ಯಾರು ಬಂದಾರು? ಒಂದು ಪ್ರದೇಶದಲ್ಲಿ ಅಗ್ಗವಾಗಿ ಮಾರಿದ್ದು ಇನ್ನೊಂದಕ್ಕೆ ಹರಿಯಬಾರದೆಂಬ ಲೆಕ್ಕವೂ ಇತ್ತು. ವ್ಯಾಪಾರಿಯ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ ಎನ್ನೋಣ. ಆದರೆ ಐವತ್ತು ವರ್ಷ ಹಿಂದಿನ ಚಿತ್ರಕ್ಕೆ ಹುಕ್ಕೇರಿಯ ಯಾವ ಟಾಕೀಸಿನ ಗಿರಾಕಿ ಕಡಿಮೆಯಾಗುತ್ತಿದ್ದ? ಅದೂ ನಮ್ಮ ದೇಶದ ಚಿತ್ರ, ನಮ್ಮ ದೇಶದ ಹಳ್ಳಿಯಲ್ಲಿ ತೆಗೆದದ್ದು. ಅಮೆರಿಕಕ್ಕೆ ಹೋಗಿ ಬಂದ ಮೇಲೆ ಅದು ನಮ್ಮದಲ್ಲದಾಯಿತು.

ಗಡಿ ಎಂದರೇನೆಂದು ಬೆಳಗಾವಿ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1956ರಿಂದ ಅದೇ ಮಾತನ್ನು ಕೇಳುತ್ತ ಬಂದಿದ್ದೇವೆ. ಆದರೂ ಕೊಲ್ಹಾಪುರದಲ್ಲಿ ಕೊಂಡು ತಂದ ಮರಾಠಿ ಪುಸ್ತಕವೊಂದು ಹುಕ್ಕೇರಿಯಲ್ಲಿ ತೆರೆಯಲಾರೆನೆಂದು ಹಟ ಹಿಡಿದದ್ದನ್ನು ನಾನು ಕಾಣೆ. ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡರೆ ಅದು ನಮ್ಮದು. ಎಲ್ಲಿ ಕುಳಿತು ಓದಿದೆ ಎಂದು ಅಚ್ಚು ಹಾಕಿದವನು ಕೇಳುವುದಿಲ್ಲ.

ನಿವೃತ್ತಿಯ ಹಣದಲ್ಲಿ 2004ರಲ್ಲಿ ಕೊಂಡ ಕಂಪ್ಯೂಟರೊಂದು ಗೋಕಾಕದ ಮನೆಯಲ್ಲಿತ್ತು. ಅದರಲ್ಲಿ ಡಿವಿಡಿ ಡ್ರೈವ್ ಇತ್ತು. ಮಕ್ಕಳ ಇಂಗ್ಲಿಷ್ ಚಿತ್ರವೊಂದನ್ನು ಮೊದಲ ಸಲ ಹಾಕಿದಾಗ ಅದು ಪ್ರದೇಶ ಯಾವುದೆಂದು ಕೇಳಿತ್ತು, ಐದು ಎಂದಿದ್ದೆವು. ಈಗ ಅಣ್ಣನ ತಟ್ಟೆಯನ್ನು ಹಾಕಿದೆ. ಪ್ರದೇಶ ಹೊಂದುತ್ತಿಲ್ಲ, ಬದಲಿಸುವಿರಾ ಎಂದು ಕೇಳಿತು. ಒಂದು ಎಂದು ಬದಲಿಸಿದೆ. ಇನ್ನು ಮೂರು ಬದಲಾವಣೆ ಉಳಿದಿವೆ ಎಂಬ ಸಾಲೂ ಅಲ್ಲಿತ್ತು. ಓದಿದೆ, ಗಮನಕ್ಕೆ ತಂದುಕೊಳ್ಳಲಿಲ್ಲ. ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಎರಡು ಸಲ ಓದಿರೆಂದು ಮೂವತ್ತಾರು ವರ್ಷ ನಿಮಗೆ ಹೇಳಿದವನು ನಾನು! ಚಿತ್ರ ಓಡಿತು. ಹತ್ತು ನಿಮಿಷ ನೋಡಿ, ಅಣ್ಣನಿಲ್ಲದೆ ನೋಡಬಾರದೆಂದು ನಿಲ್ಲಿಸಿದೆ. ಆಗ ಆತನ ಕಾಲಿಗೆ ಹುಣ್ಣಾಗಿ ಪ್ರಯಾಣ ಮಾಡುವಂತಿರಲಿಲ್ಲ. ಬೇಸಿಗೆಯಲ್ಲಿ ಗೋಕಾಕಕ್ಕೆ ಕರೆತರುವುದೆಂದು ಗೊತ್ತುಮಾಡಿದೆವು.

ಬೇಸಿಗೆಗೆ ಅಣ್ಣನಿಗಿಂತ ಮೊದಲು ಹಿರಿಯ ಮೊಮ್ಮಗ ಬಂದ. ಒಂಬತ್ತು ವರ್ಷದ ಪೋರ. ತನ್ನ ಕಾರ್ಟೂನಿನ ತಟ್ಟೆ ಹಾಕಿದ. ಅದು ಐದನೆಯ ಪ್ರದೇಶದ್ದು. ಕಂಪ್ಯೂಟರು ಕೇಳಿತು, ಅವನು ಓಕೆ ಒತ್ತಿದ. ಎರಡು ದಿನ ಕಳೆದು ನಾನು ಪರೀಕ್ಷಿಸಲು ಹೋಗಿ ಮತ್ತೆ ಒಂದಕ್ಕೆ ತಂದೆ. ಮರುದಿನ ಮಧ್ಯಾಹ್ನ ನಾನು ಮಲಗಿದ್ದಾಗ ಅವನು ಮತ್ತೆ ಓಕೆ ಒತ್ತಿದ. ಅಲ್ಲಿಗೆ ಐದೂ ಸಲ ಮುಗಿದವು. ಡ್ರೈವು ಐದನೆಯ ಪ್ರದೇಶಕ್ಕೆ ಶಾಶ್ವತವಾಗಿ ಬೀಗ ಹಾಕಿಕೊಂಡು ಕುಳಿತಿತು. (ಆ ಪೋರ ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಈಗಲೂ ಏನನ್ನೂ ಓದದೆಯೇ ಓಕೆ ಒತ್ತುತ್ತಾನೆ.)

ಕಂಪ್ಯೂಟರನ್ನು ಹೊತ್ತು ಮೂಡಲಗಿಗೆ ಹೋದೆ. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನೊಳಗೇ ಇತ್ತು. ಅಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದವನು ನ್ಯೂಜರ್ಸಿಯವನ ಸಹಪಾಠಿ. ನನ್ನ ವಿಷಯವಾದ ಇಂಗ್ಲಿಷಿನಲ್ಲಿ ಎರಡು ಸಲ ಅನುತ್ತೀರ್ಣನಾದವನು. ಎದ್ದು ನಿಂತು, ತನ್ನ ಕುರ್ಚಿಯನ್ನು ನನಗೆ ಕೊಟ್ಟು, ಚಹಾ ತರಿಸಿದ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದರೆ ಲೆಕ್ಕವೂ ಮೊದಲಿನಿಂದ ಆರಂಭವಾದೀತೆಂದು ಅವನ ಊಹೆ. ಹಾಕು ಎಂದೆ. ಆ ಹೊತ್ತಿನಲ್ಲಿ ನನಗೆ ತಲೆಯಲ್ಲಿದ್ದುದು ಅಣ್ಣನ ಚಿತ್ರವೊಂದೇ. 'ಬರಹ'ದಲ್ಲಿ ಎರಡು ವರ್ಷದಿಂದ ಟೈಪು ಮಾಡಿಟ್ಟಿದ್ದ ಬೀಸುಕಲ್ಲಿನ ಪದಗಳು, ಅವ್ವನಿಂದಲೂ ವೈನಿಯಿಂದಲೂ ಬರೆದುಕೊಂಡವು, ಅದರಲ್ಲಿಯೇ ಇದ್ದವೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ನೋಟುಬುಕ್ಕುಗಳಲ್ಲಿ ಉಳಿದಿದ್ದ ಅರ್ಧವನ್ನು ಮಾತ್ರ ಮತ್ತೆ ಟೈಪು ಮಾಡಿದೆ. ಅಷ್ಟಾದರೂ ಬೀಗ ತೆರೆಯಲಿಲ್ಲ. ಲೆಕ್ಕ ಇರುವುದು ವಿಂಡೋಸಿನಲ್ಲಿ ಅಲ್ಲ, ಡ್ರೈವಿನ ಹೊಟ್ಟೆಯಲ್ಲಿಯೇ. 2000ದ ಜನವರಿ 1ರಿಂದೀಚೆಗೆ ತಯಾರಾದ ಡ್ರೈವುಗಳಲ್ಲಿ ಈ ಎಣಿಕೆಯನ್ನು ಯಂತ್ರದೊಳಗೇ ಇಡಬೇಕೆಂಬ ಕಟ್ಟಳೆಯಾಗಿತ್ತು. ಅದಕ್ಕೆ ಮೊದಲಿನವು ಉದಾರವಾಗಿದ್ದವಂತೆ.

"ಸರ, ಎರಡು ದಾರಿ ಅದಾವ್ರಿ" ಎಂದ ಶಿಷ್ಯ. "ಒಂದು, ಹೊಸಾ ಡ್ರೈವ್ ಹಾಕೂದು. ಮತ್ತ ಐದ ಸಲ ಸಿಗತಾವ. ಇಲ್ಲಾಂದ್ರ ಈ ಸೀಡಿದು ಲಾಕ್ ತಗದು ಒಂದ ಕಾಪಿ ಹೊಡದ ಕೊಡ್ತೀನ್ರಿ. ಹುಕ್ಕೇರಿ ಪ್ಲೇಯರ್‌ದಾಗೂ ಓಡತೈತಿ."

ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಹಿಂದಿನ ವಾರವಷ್ಟೇ ಬಿಡುಗಡೆಯಾದ ಚಿತ್ರಗಳ ಕಳ್ಳಪ್ರತಿಗಳು ಸಾಲಾಗಿದ್ದವು. ಅವಕ್ಕೆ ಯಾವ ಪ್ರದೇಶವೂ ಇರಲಿಲ್ಲ, ಬೀಗವೂ ಇರಲಿಲ್ಲ. ಜಗತ್ತಿನ ಯಾವ ಯಂತ್ರದಲ್ಲಿಯಾದರೂ ಓಡುವಂಥವು. ಡಾಲರು ತೆತ್ತು ಕೊಂಡ ನನ್ನ ತಟ್ಟೆ ಮಾತ್ರ ಓಡದು. ಇದು ನ್ಯಾಯವಲ್ಲವೆಂದು ನನಗೆ ಕಾಣುತ್ತಿತ್ತು. ಆದರೂ ಕಾಪಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನೊಳಗಿನ ಮಾಸ್ತರ ಎದ್ದು ನಿಂತ. ಪರೀಕ್ಷೆಯ ಕೋಣೆಯಲ್ಲಿ ಇದೇ ಹುಡುಗನ ಕಿಸೆಯಿಂದ ಚೀಟಿ ತೆಗೆಸಿದವನು ನಾನು. "ಕಾಪಿ ಮಾಡಿಸಾಕ ನಾ ನಿನ್ನ ಹತ್ರ ಬಂದೆನೇನು?" ಎಂದುಬಿಟ್ಟೆ. ಅವನು ತಲೆ ತಗ್ಗಿಸಿ ಸುಮ್ಮನಾದ.

ಹಾಗಾದರೆ ಹೊಸ ಡ್ರೈವನ್ನಾದರೂ ಹಾಕಿಸಬಹುದಿತ್ತು. ಎರಡು ಸಾವಿರದೊಳಗಿನ ಮಾತು. ಒಂದು ಚಿತ್ರ ನೋಡಲಿಕ್ಕೆ ಒಂದು ಡ್ರೈವೇ ಎಂದು ಅನ್ನಿಸಿತು. ಪಿಂಚಣಿಯ ಬಾಕಿ ಬರಲಿ, ಆಮೇಲೆ ನೋಡೋಣವೆಂದು ಹೇಳಿ ಬಂದೆ. ನೀತಿಯ ಮಾತನ್ನು ದೊಡ್ಡ ದನಿಯಲ್ಲಿ ಆಡಿದೆ, ಹಣದ ಮಾತನ್ನು ಮೆಲ್ಲಗೆ ಆಡಿದೆ. ಎರಡೂ ನನ್ನವೇ. ಫೋನಿನಲ್ಲಿ ಅಣ್ಣನಿಗೆ ತಿಳಿಸಿದಾಗ ಆತ ನಕ್ಕು, "ಅವನ ಕೈಲೆ ಕಾಪಿ ಹೊಡಸ್ಕೊಂಡ ಬಾರೋ ಮಾರಾಯಾ, ನಿನ್ನ ಸಾಲಿ ಬಿಟ್ಟ ಎರಡ ವರ್ಷ ಆತು" ಎಂದ. ಇದು ಮೇ ತಿಂಗಳ ಮಾತು.

ಜೂನ್ ಎರಡನೆಯ ವಾರ ಅಣ್ಣನ ಬಲಗಣ್ಣಿನೊಳಗೆ ರಕ್ತಸ್ರಾವವಾಯಿತು. ಬೆಳಿಗ್ಗೆ ಎದ್ದವನು ಕಣ್ಣ ಮುಂದೆ ಮಸಿ ಸುರಿದಂತಾಗಿದೆ ಎಂದನಂತೆ. ಮೀರಜಕ್ಕೆ ಒಯ್ದೆವು, ಶಸ್ತ್ರಚಿಕಿತ್ಸೆಯೂ ಆಯಿತು. ಬೆಳಕು ಕತ್ತಲೆಗಳ ವ್ಯತ್ಯಾಸ ಉಳಿಯಿತು, ಅಷ್ಟೇ. ಡ್ರೈವಿನ ಮಾತನ್ನು ನಾನೂ ಎತ್ತಲಿಲ್ಲ, ಆತನೂ ಎತ್ತಲಿಲ್ಲ.

ಆ ಮಳೆಗಾಲದಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಈ ಬೀಗದ ಚರಿತ್ರೆಯನ್ನೇ ಹುಡುಕಿ ಓದಿದೆ. ನಾರ್ವೆ ದೇಶದ ಯೋನ್ ಲೆಕ್ ಯೋಹಾನ್ಸೆನ್ ಎಂಬ ಹದಿನೈದರ ಹುಡುಗ 1999ರಲ್ಲಿ ಇನ್ನಿಬ್ಬರೊಡನೆ ಸೇರಿ ಡಿವಿಡಿಯ ಗೂಢಲಿಪಿಯನ್ನು ಬಿಡಿಸುವ ಪುಟ್ಟ ತಂತ್ರಾಂಶವನ್ನು ಹೊರಹಾಕಿದ್ದ. ನಮ್ಮಲ್ಲಾದರೆ ಹತ್ತನೆಯ ಇಯತ್ತೆಯ ವಯಸ್ಸು! ಮೊಕದ್ದಮೆಯಾಯಿತು. ಓಸ್ಲೋದ ನ್ಯಾಯಾಲಯ 2003ರ ಜನವರಿಯಲ್ಲಿ ಅವನನ್ನು ಬಿಡುಗಡೆ ಮಾಡಿತು. ಮೇಲ್ಮನವಿಯಲ್ಲಿಯೂ ಅದೇ ವರ್ಷದ ಡಿಸೆಂಬರಿನಲ್ಲಿ ಅವನೇ ಗೆದ್ದ. ತಾನು ಹಣ ಕೊಟ್ಟು ಕೊಂಡುದನ್ನು ತೆರೆದು ನೋಡುವುದು ಇನ್ನೊಬ್ಬರ ಮನೆಗೆ ಕನ್ನ ಹಾಕಿದಂತಲ್ಲ ಎಂಬುದು ಆ ತೀರ್ಪಿನ ತಿರುಳು. ಅಮೆರಿಕದ ಕಾನೂನು ಹೀಗೆ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಆಗ ಇಂಥ ಬೀಗಗಳ ಬಗ್ಗೆ ಕಾನೂನೇ ಇರಲಿಲ್ಲ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 65ಎ ಎಂಬ ಕಲಮು ಸೇರಿತು. ಅದೂ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನನ್ನೇ ಶಿಕ್ಷಿಸುತ್ತದೆ. ಅಂದರೆ ಮೇ ತಿಂಗಳಲ್ಲಿ ನಾನು ಎತ್ತಿಹಿಡಿದ ನೀತಿಯನ್ನು ನನ್ನಿಂದ ಯಾವ ಕಾನೂನೂ ಕೇಳಿರಲಿಲ್ಲ. ಕಳ್ಳಪ್ರತಿಗಳನ್ನು ಮಾರುವುದು ತಪ್ಪೆಂದು ಈಗಲೂ ಹೇಳುತ್ತೇನೆ. ಆ ಅಂಗಡಿಯ ಹಲಗೆಯನ್ನು ನಾನು ಸಮರ್ಥಿಸುತ್ತಿಲ್ಲ. ನನ್ನ ತಟ್ಟೆಯನ್ನು ನನ್ನ ಅಣ್ಣನಿಗೆ ತೋರಿಸುವುದನ್ನೂ ಅದನ್ನೂ ಒಂದೇ ಎಂದುಕೊಂಡದ್ದು ನನ್ನ ಅವಿವೇಕ.

ಅಕ್ಟೋಬರಿನಲ್ಲಿ, ದೀಪಾವಳಿಯ ಮರುದಿನ, ಮೂಡಲಗಿಯ ಶಿಷ್ಯ ಹೇಳದೆ ಕೇಳದೆ ಮನೆಗೆ ಬಂದ. ಓಮ್ನಿ ಗಾಡಿಯಲ್ಲಿ ತನ್ನ ಅಂಗಡಿಯ ಕಂಪ್ಯೂಟರು, ಮಾನಿಟರು, ಎರಡು ಸ್ಪೀಕರುಗಳನ್ನು ಹಾಕಿಕೊಂಡಿದ್ದ. "ಸರ, ಇದು ಕಾಪಿ ಅಲ್ರಿ. ನಿಮ್ಮ ಸೀಡೀನ ಹಾಕೂದು. ವಿಎಲ್‌ಸಿ ಅಂತ ಐತ್ರಿ, ಅದು ಪ್ರದೇಶ ಕೇಳೂದಿಲ್ಲ" ಎಂದ. ಪ್ಯಾರಿಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಆರಂಭಿಸಿ, 2001ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ತಂತ್ರಾಂಶ ಅದು. ಅಣ್ಣನ ಕಣ್ಣು ಹೋದುದು ಅವನಿಗೆ ತಿಳಿದಿರಲಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಗಾಡಿಯ ಬಾಗಿಲು ಹಿಡಿದು ನಿಂತು, "ಕೇಳಸೂಣಲ್ರಿ" ಎಂದ.

ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಡಸಾಲೆಯಲ್ಲಿ ಎಲ್ಲವನ್ನೂ ಜೋಡಿಸಿದ. ಅವನ ಡ್ರೈವೂ ಐದನೆಯ ಪ್ರದೇಶದ್ದೇ. ತಟ್ಟೆಯನ್ನು ಹಾಕಿದ ಮೇಲೆ ಒಂದೆರಡು ನಿಮಿಷ ಗುರ್ ಗುರ್ ಎಂದು ಒದ್ದಾಡಿತು. ಬೀಗದ ಕೈಯನ್ನು ಅದು ಲೆಕ್ಕ ಹಾಕಿ ಹುಡುಕುತ್ತದೆ, ಕೆಲವು ಡ್ರೈವುಗಳು ಅದಕ್ಕೂ ಬಗ್ಗುವುದಿಲ್ಲ ಎಂದು ಅವನು ವಿವರಿಸುತ್ತಿರುವಾಗಲೇ ರವಿಶಂಕರರ ಸಿತಾರು ಕೇಳಿಸಿತು.

ಅಣ್ಣನ ಪಕ್ಕದಲ್ಲಿ ಕುಳಿತು ಪರದೆಯ ಕೆಳಗಿನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಮೊದಲು ಪುಸ್ತಕದ ಕನ್ನಡ ಬರುತ್ತಿತ್ತು. "ಮನೀ ಮಾತ್ನ್ಯಾಗ ಹೇಳೋ" ಎಂದ. ಆಮೇಲೆ ಸರ್ವಜಯಾ, ಇಂದಿರ್ ಮುದುಕಿ ಎಲ್ಲರೂ ಹುಕ್ಕೇರಿಯವರಾದರು. ಮಾತಿಲ್ಲದೆಡೆ ಕಂಡುದನ್ನು ಹೇಳುತ್ತಿದ್ದೆ. ರೈಲು ನೋಡಲು ಮಕ್ಕಳು ಓಡುವ ಬಯಲಿನ ಬಿಳಿ ಹೂಗಳು ಹೇಗಿವೆ ಎಂದು ಕೇಳಿದ. ಕಬ್ಬು ಹೂ ಬಿಟ್ಟಂತೆ ಎಂದೆ. ಅದಕ್ಕೂ ಸ್ವಲ್ಪ ಮುಂಚೆ ದುರ್ಗಾ ತಂತಿಕಂಬಕ್ಕೆ ಕಿವಿ ಹಚ್ಚುತ್ತಾಳೆ, ಒಂದು ಗುಂಯ್‌ಗುಡುವ ನಾದ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ, "ತಂತೀ ಕಂಬ" ಎಂದ ಅಣ್ಣ. "ನಾವೂ ಹಚ್ಚತಿದ್ವಿ. ನೀ ಇನ್ನೂ ಸಣ್ಣಾವಿದ್ದಿ." ನಾವು ಎಂದರೆ ಯಾರೆಂದು ನಾನು ಕೇಳಲಿಲ್ಲ.

ಕೊನೆಯ ಭಾಗದಲ್ಲಿ ತಂದೆ ಹರಿಹರ ಊರಿಗೆ ಮರಳುತ್ತಾನೆ. ಮಗಳು ಸತ್ತದ್ದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾನೆ. ದುರ್ಗಾಳಿಗೆ ತಂದ ಸೀರೆಯನ್ನು ತೆಗೆದಾಗ ಅವಳು ಕುಸಿದು ಅಳುತ್ತಾಳೆ. ಅಲ್ಲಿ ಅವಳ ದನಿಯನ್ನು ಇಟ್ಟಿಲ್ಲ. ತಾರ್ ಶಹನಾಯಿ ಎಂಬ ವಾದ್ಯವೊಂದು ತಾರಸಪ್ತಕದಲ್ಲಿ ಚೀರುತ್ತದೆ.

"ಏನಂತಾಳ?" ಎಂದ ಅಣ್ಣ.

"ಏನೂ ಬರದಿಲ್ಲಣ್ಣಾ."

ಆತ ಮುಖವನ್ನು ಸ್ಪೀಕರಿನ ಕಡೆ ತಿರುಗಿಸಿ ಕೇಳಿ, "ಪಟದೀಪ" ಎಂದ. ಆ ರಾಗವನ್ನು ಧಾರವಾಡದ ರೇಡಿಯೋದಲ್ಲಿ ಎಷ್ಟು ಸಲ ಕೇಳಿದ್ದನೋ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಶಿಷ್ಯ ಹೊಸ್ತಿಲ ಬಳಿ ನಿಂತಿದ್ದವನು ಅಲ್ಲಿಯೇ ಕುಳಿತುಬಿಟ್ಟ.

ಎತ್ತಿನ ಗಾಡಿ ಊರು ಬಿಟ್ಟು ಹೋಗಿ ಚಿತ್ರ ಮುಗಿದ ಮೇಲೆ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿ ಎಷ್ಟು ವರ್ಷದಾಕಿ ಕಾಣಸ್ತಾಳೋ?" ಎಂದು ಕೇಳಿದ.

"ಹನ್ನೆರಡೋ ಹದಿಮೂರೋ ಇರಬೇಕು."

"ಮುಖ ಉದ್ದಕೈತೇನು?"

ಹೌದೆಂದೆ.

ಎರಡನೆಯ ತಟ್ಟೆಯನ್ನು ಡಿಸೆಂಬರಿನ ಒಂದು ಭಾನುವಾರ ಅದೇ ರೀತಿ ಕೇಳಿದೆವು. ಮೂರನೆಯದನ್ನು ಯುಗಾದಿಗೆಂದು ಇಟ್ಟುಕೊಂಡಿದ್ದೆವು. 2007ರ ಫೆಬ್ರವರಿಯಲ್ಲಿ ಅಣ್ಣ ತೀರಿಹೋದ. ಅದರ ಹೊದಿಕೆಯನ್ನು ಯಾರೂ ಹರಿಯಲಿಲ್ಲ.